ವಾಚು ಕೇಳುವ ಆ ಒಂದು ಪ್ರಶ್ನೆಗೆ ಏನಂತ ಉತ್ತರ ಕೊಡೋದು?

ಪ್ರಶ್ನೆ: ಸರ್, ನನಗೆ 46 ವರ್ಷ, ಊರು ಬಳ್ಳಾರಿ. ಎತ್ತರ 168 ಸೆಂಟಿಮೀಟರ್, ತೂಕ 74 ಕೆಜಿ. ಬೀಪಿ, ಶುಗರ್ ಏನೂ ಇಲ್ಲ. ವಾರಕ್ಕೆ ಐದು ದಿನ, ದಿನಕ್ಕೆ 40 ನಿಮಿಷ ವಾಕಿಂಗ್ ಮಾಡುತ್ತೇನೆ. ಮಗಳು ಎದೆಗೆ ಪಟ್ಟಿ ಕಟ್ಟಿಕೊಳ್ಳುವ ಹಾರ್ಟ್ ರೇಟ್ ವಾಚು ಕೊಡಿಸಿದ್ದಾಳೆ. ಅದು ‘ನಿಮ್ಮ ಚಟುವಟಿಕೆ ಮಟ್ಟ ಯಾವುದು’ ಅಂತ ಕೇಳುತ್ತದೆ: ಕಡಿಮೆ, ಸಾಧಾರಣ, ಹೆಚ್ಚು, ಅತಿ ಹೆಚ್ಚು. ವಾರಕ್ಕೆ 2ರಿಂದ 5 ಗಂಟೆ ವ್ಯಾಯಾಮ ಇದ್ದರೆ ‘ಹೆಚ್ಚು’ ಅಂತ ಜೊತೆಗೆ ಬಂದ ಪುಸ್ತಿಕೆಯಲ್ಲಿದೆ. ನನ್ನದು 3 ಗಂಟೆ 20 ನಿಮಿಷ ಆಯಿತಲ್ಲ, ಅದಕ್ಕೆ ‘ಹೆಚ್ಚು’ ಒತ್ತಿದೆ. ಐದು ನಿಮಿಷ ಮಲಗಿಸಿ ಪರೀಕ್ಷೆ ಮಾಡಿ ಫಿಟ್‌ನೆಸ್ ಅಂಕ 45 ಅಂತ ತೋರಿಸಿತು. ಮರುದಿನ ಸುಮ್ನೆ ‘ಸಾಧಾರಣ’ ಒತ್ತಿ ನೋಡಿದರೆ 39! ರಾತ್ರಿ ಬೆಳಗಾಗುವುದರೊಳಗೆ ಆರು ಅಂಕ ಎಲ್ಲಿ ಹೋಯಿತು? ನನ್ನ ಭಾಮೈದನಿಗೆ 34 ವರ್ಷ, ಅವನ ವಾಚು 52 ತೋರಿಸುತ್ತದಂತೆ. ದಿನಾ ಅದರ ಫೋಟೊ ಕಳಿಸಿ ರೇಗಿಸುತ್ತಾನೆ. ನನ್ನದು ಸರಿಯಾಗಿ ಎಷ್ಟು?

ಉತ್ತರ: ಮೊದಲು ಕೆಲಸದ ಮಾತು. ‘ಸಾಧಾರಣ’ ಒತ್ತಿ, ಅಲ್ಲೇ ಬಿಡಿ. ನಿಮ್ಮ ನಿಜವಾದ ಅಂಕ (ವಿಒ2 ಮ್ಯಾಕ್ಸ್, ಅಂದರೆ ಓಡುವಾಗ ದೇಹ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ) 36, 37ರ ಆಸುಪಾಸು ಇರಬಹುದು ಅಂತ ನನ್ನ ಅಂದಾಜು. ಅದು ಹೇಗೆ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ, 46ರ ವಯಸ್ಸಿಗೆ ಅದು ಕೆಟ್ಟ ಅಂಕ ಏನಲ್ಲ.

ಇನ್ನು ಆ ಆರು ಅಂಕ. ಅವು ಎಲ್ಲೂ ಹೋಗಿಲ್ಲ, ಯಾಕೆಂದರೆ ಅವು ನಿಮ್ಮ ಎದೆಯಿಂದ ಬಂದದ್ದೇ ಅಲ್ಲ, ನಿಮ್ಮ ಬೆರಳಿನಿಂದ ಬಂದದ್ದು. ನೀವು ‘ಹೆಚ್ಚು’ ಅಂತ ಒತ್ತಿದಿರಿ, ವಾಚು ನಂಬಿತು, ನಿಮ್ಮ ಮಾತನ್ನೇ ಅಂಕ ಮಾಡಿ ವಾಪಸ್ ಕೊಟ್ಟಿತು. ಪರಿಚಯದ ಅಂಗಡಿಯವರ ಹತ್ತಿರ ‘ನನ್ನ ಲೆಕ್ಕ ಎಷ್ಟಾಯಿತು’ ಅಂತ ಕೇಳಿದರೆ ಅವರು ‘ನೀವೇ ಹೇಳಿ ಸಾರ್’ ಅಂತಾರಲ್ಲ, ಹಾಗೆ.

ಪುಸ್ತಿಕೆಯ ‘2ರಿಂದ 5 ಗಂಟೆ’ಯಲ್ಲಿ ಎಲ್ಲರೂ ಜಾರುತ್ತಾರೆ, ನೀವೊಬ್ಬರೇ ಅಲ್ಲ. ಆ ಸಾಲನ್ನು ಇನ್ನೊಮ್ಮೆ ಓದಿ. ಈ ನಾಲ್ಕು ಮಟ್ಟದ ವಿವರಣೆಯಲ್ಲಿ ಸಾಮಾನ್ಯವಾಗಿ ಓಟದ ಲೆಕ್ಕ ಇರುತ್ತದೆ: ವಾರಕ್ಕೆ 5ರಿಂದ 10 ಕಿಲೋಮೀಟರ್ ಓಡಿದರೆ, ಇಲ್ಲವೇ ಅದಕ್ಕೆ ಸಮನಾದ ಕೆಲಸ ಅರ್ಧ ಗಂಟೆಯಿಂದ 2 ಗಂಟೆ ಮಾಡಿದರೆ ಸಾಧಾರಣ, ವಾರಕ್ಕೆ ಮೂರು ಸಲವಾದರೂ ಬೆವರು ಕಿತ್ತುಕೊಂಡು ಬರುವ ಹಾಗೆ, ಅಂದರೆ 20ರಿಂದ 50 ಕಿಲೋಮೀಟರ್ ಓಡಿದರೆ ಹೆಚ್ಚು, ಅದಕ್ಕೂ ಮೇಲೆ ಹೋದರೆ ಅತಿ ಹೆಚ್ಚು. ಅಲ್ಲಿನ ಗಂಟೆ ಓಟದ ಗಂಟೆ. ನಿಮ್ಮದು ನಡಿಗೆಯ ಗಂಟೆ. ಎರಡೂ ಗಂಟೆಯೇ, ಆದರೆ ಚಲಾವಣೆ ಬೇರೆ.

ಬದಲಾಯಿಸಿ ನೋಡೋಣ. ಸುಮ್ಮನೆ ಕೂತಾಗ ದೇಹ ಬಳಸುವ ಆಮ್ಲಜನಕವನ್ನು ಒಂದು ಅಂತ ಇಟ್ಟುಕೊಂಡರೆ (ಅದಕ್ಕೆ ನಮ್ಮವರು ಒಂದು ಮೆಟ್ ಅನ್ನುತ್ತಾರೆ, ಕೆಜಿ ತೂಕಕ್ಕೆ ನಿಮಿಷಕ್ಕೆ 3.5 ಮಿಲಿಲೀಟರ್), ಗಂಟೆಗೆ 5 ಕಿಲೋಮೀಟರ್ ನಡಿಗೆಗೆ ಅದರ ಸುಮಾರು ಮೂರೂವರೆ ಪಟ್ಟು ಬೇಕು, 8 ಕಿಲೋಮೀಟರ್ ಓಟಕ್ಕೆ ಎಂಟು ಪಟ್ಟಿನ ಮೇಲೆ. ನಿಮ್ಮದು ವಾರಕ್ಕೆ 200 ನಿಮಿಷ. ಮೂರೂವರೆಯಿಂದ ಗುಣಿಸಿದರೆ 700. ಎಂಟರಿಂದ ಭಾಗಿಸಿದರೆ 87 ನಿಮಿಷ ಚಿಲ್ಲರೆ. ಅಂದರೆ ಓಟದ ಲೆಕ್ಕದಲ್ಲಿ ನಿಮ್ಮದು ಒಂದೂವರೆ ಗಂಟೆ. ಸೀದಾ ‘ಸಾಧಾರಣ’ದ ಮಧ್ಯಕ್ಕೆ ಬಂದು ಕೂತಿತು, ಅಲ್ವಾ?

ಅದೂ ಆ 40 ನಿಮಿಷ ಪೂರ್ತಿ ನಡೆದಿದ್ದರೆ. ನಾನು ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆ ದಂಡೆಯ ಮೇಲೆ ಎಷ್ಟೋ ವರ್ಷಗಳಿಂದ ಜನರನ್ನು ನೋಡುತ್ತಿದ್ದೇನೆ. ‘ದಿನಾ ಒಂದು ಗಂಟೆ ವಾಕಿಂಗ್’ ಅನ್ನುವವರ ಗಂಟೆಯಲ್ಲಿ ಹತ್ತು ನಿಮಿಷ ನೀರಕೋಳಿ ನೋಡೋದು, ಹತ್ತು ನಿಮಿಷ ನಿಂತು ರಾಜಕೀಯ ಮಾತಾಡೋದು, ಉಳಿದದ್ದರಲ್ಲಿ ಅರ್ಧ ಫೋನು. ತಪ್ಪು ಅಂತ ನಾನು ಹೇಳುತ್ತಿಲ್ಲ, ನಾನೂ ಮಾಡುತ್ತೇನೆ. ಆದರೆ ವಾಚಿಗೆ ಹೇಳುವಾಗ ಅದನ್ನು ಕಳೆದು ಹೇಳಬೇಕು. ಮಾತಾಡಬಹುದು, ಆದರೆ ಹಾಡು ಹೇಳೋಕೆ ಆಗಲ್ಲ ಅನ್ನುವಷ್ಟು ಉಸಿರು ಏರಿರುವ ನಿಮಿಷಗಳನ್ನು ಮಾತ್ರ ಎಣಿಸಿ. ಒಂದು ಒಳ್ಳೆಯ ವಾರದ್ದಲ್ಲ, ಕಳೆದ ಆರು ವಾರದ ಸರಾಸರಿ. ಮದುವೆಗೆ ಹೋದ ವಾರ, ನೆಗಡಿ ಬಂದ ವಾರ ಎಲ್ಲ ಸೇರಿಸಿ. ಈಚಿನ ಕೆಲವು ವಾಚುಗಳು ನೇರವಾಗಿ ‘ವಾರಕ್ಕೆ ಎಷ್ಟು ಗಂಟೆ ತರಬೇತಿ’ ಅಂತಲೇ ಕೇಳುತ್ತವೆ. ಅವಕ್ಕೂ ಇದೇ ಉತ್ತರ. ಎರಡು ಮಟ್ಟದ ನಡುವೆ ಅನುಮಾನ ಬಂದರೆ ಕೆಳಗಿನದನ್ನು ಒತ್ತಿ. ನನ್ನ ಹತ್ತಿರ ಬಂದವರಲ್ಲಿ ತಮ್ಮ ಮಟ್ಟ ಕಡಿಮೆ ಹೇಳಿಕೊಂಡವರು ಕೈಬೆರಳಲ್ಲಿ ಎಣಿಸುವಷ್ಟು ಮಂದಿ, ಅವರಲ್ಲೂ ಹೆಚ್ಚಿನವರು ಹೆಂಗಸರು. ಎರಡು ಮಹಡಿ ಹತ್ತಿ ಇಳಿದು ಮನೆಗೆಲಸ ಪೂರ್ತಿ ಮಾಡಿ ‘ನಾನೇನೂ ಮಾಡಲ್ಲ ಸರ್’ ಅನ್ನುವವರು.

ಈಗ ಆ ಅಂಕ ಏನು ಅಂತ ನೋಡೋಣ. ಅದರ ಹೆಸರು ವಿಒ2 ಮ್ಯಾಕ್ಸ್. ನೀವು ಪೂರ್ತಿ ಜೀವ ಬಿಟ್ಟು ಓಡುವಾಗ ನಿಮ್ಮ ದೇಹ ಒಂದು ಕೆಜಿ ತೂಕಕ್ಕೆ ಒಂದು ನಿಮಿಷದಲ್ಲಿ ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಿಕೊಳ್ಳಬಲ್ಲದು ಅನ್ನೋದು. ಶ್ವಾಸಕೋಶ ಎಳೆದುಕೊಂಡದ್ದನ್ನು ಹೃದಯ ತಳ್ಳಿ, ರಕ್ತ ಹೊತ್ತು, ಸ್ನಾಯು ಅದನ್ನು ಸುಡಬೇಕು. ಈ ಸರಪಳಿಯ ಒಟ್ಟು ಶಕ್ತಿ ಅದು. 1920ರ ದಶಕದಲ್ಲಿ ಇಂಗ್ಲೆಂಡಿನ ಎ.ವಿ. ಹಿಲ್ ಬೆನ್ನಿಗೆ ಗಾಳಿಚೀಲ ಕಟ್ಟಿಕೊಂಡು ಓಡುವವರ ಉಸಿರು ಹಿಡಿದು ಇದನ್ನು ಅಳೆದರು. ಇವತ್ತಿಗೂ ಸರಿಯಾದ ದಾರಿ ಅದೇ: ಲ್ಯಾಬಿನಲ್ಲಿ ಮುಖಕ್ಕೆ ಮಾಸ್ಕ್ ಹಾಕಿ, ಟ್ರೆಡ್‌ಮಿಲ್ ವೇಗ ಏರಿಸುತ್ತಾ ಹೋಗಿ, ‘ಇನ್ನು ಆಗಲ್ಲ’ ಅಂತ ಕೈ ಎತ್ತುವವರೆಗೆ ಓಡಿಸೋದು. ಉಳಿದದ್ದೆಲ್ಲ ಅಂದಾಜು. ನಿಮ್ಮ ವಾಚು ಹಾಸಿಗೆ ಮೇಲೆ ಐದು ನಿಮಿಷ ಮಲಗಿಸಿ ಹೇಳಿದ್ದೂ ಅಂದಾಜೇ. ಯೋಚನೆ ಮಾಡಿ, ಮಲಗಿದವನನ್ನು ನೋಡಿ ಅವನು ಎಷ್ಟು ಜೋರಾಗಿ ಓಡಬಲ್ಲ ಅಂತ ಹೇಳಬೇಕು. ಅದಕ್ಕೆ ಅದು ವಯಸ್ಸು, ತೂಕ, ಎತ್ತರ, ಗಂಡೋ ಹೆಣ್ಣೋ, ವಿರಾಮದ ಬಡಿತ ಎಷ್ಟು, ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಎಷ್ಟು ಏರುಪೇರು ಅಂತ ಎಲ್ಲ ಕೂಡಿಸಿ, ಕೊನೆಗೆ ನಿಮ್ಮನ್ನೇ ಕೇಳುತ್ತದೆ.

ನಿಮ್ಮ ಮಾತಿಗೆ ಎಷ್ಟು ತೂಕ ಸಿಗುತ್ತದೆ ಅಂತ ನೋಡಬೇಕಾದರೆ, ಬಹಿರಂಗವಾಗಿ ಗೊತ್ತಿರುವ ಒಂದು ಸೂತ್ರ ಇದೆ. ಹ್ಯೂಸ್ಟನ್‌ನ ನಾಸಾ ಕೇಂದ್ರದ ನೌಕರರನ್ನು ಪರೀಕ್ಷಿಸಿ 1990ರಲ್ಲಿ ಜಾಕ್ಸನ್ ಮತ್ತು ಜೊತೆಯವರು ಪ್ರಕಟಿಸಿದ್ದು. ಅದರಲ್ಲಿ ಓಡೋದು, ನಡೆಯೋದು ಏನೂ ಇಲ್ಲ, ಬರೀ ಪ್ರಶ್ನೆ. ಚಟುವಟಿಕೆಗೆ 0ಯಿಂದ 7ರವರೆಗೆ ಮಟ್ಟ. 56.36ಕ್ಕೆ ಮಟ್ಟದ 1.92 ಪಟ್ಟು ಸೇರಿಸಿ, ವಯಸ್ಸಿನ 0.381 ಪಟ್ಟು ಕಳೆಯಿರಿ, ಬಿಎಂಐನ (ಕೆಜಿ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕ) 0.754 ಪಟ್ಟು ಕಳೆಯಿರಿ, ಗಂಡಸಾದರೆ 10.99 ಸೇರಿಸಿ. ನಿಮ್ಮ ಬಿಎಂಐ 26.2. ವಾರಕ್ಕೆ ಗಂಟೆಗೂ ಮೀರಿ ಹದವಾದ ಚಟುವಟಿಕೆ ಇರುವವರಿಗೆ ಮಟ್ಟ 3. ಅದನ್ನು ಹಾಕಿದರೆ ನಿಮಗೆ 36 ಬರುತ್ತದೆ. ವಾರಕ್ಕೆ 1ರಿಂದ 3 ಗಂಟೆ ಓಟದಂಥ ಕೆಲಸ ಮಾಡುವವರ ಮಟ್ಟ 6. ಅದನ್ನು ಹಾಕಿದರೆ 41.6. ಮೈ ಅದೇ, ವಯಸ್ಸು ಅದೇ, ಹೊಟ್ಟೆ ಅದೇ, ಪುಕ್ಕಟೆ ಸುಮಾರು ಆರು ಅಂಕ! ನಿಮ್ಮ ವಾಚಿನೊಳಗೆ ಇದೇ ಸೂತ್ರ ಕೂತಿದೆ ಅಂತ ನಾನು ಹೇಳುತ್ತಿಲ್ಲ. ಆದರೆ ಕುಲ ಒಂದೇ.

ಅದಕ್ಕೇ ನನ್ನ ಸಲಹೆ ಒಂದೇ: ಬಾಯಿಮಾತಿನ ಬದಲು ಕಾಲಿನಿಂದ ಸಾಕ್ಷಿ ಹೇಳಿಸಿ. ನಿಮ್ಮಂಥ ನಡೆಯುವವರಿಗೆ ಹೇಳಿ ಮಾಡಿಸಿದ ಪರೀಕ್ಷೆ ಒಂದಿದೆ, ಒಂದು ಮೈಲಿ ನಡಿಗೆ. ರಾಕ್‌ಪೋರ್ಟ್ ಪರೀಕ್ಷೆ ಅಂತ ಹೆಸರು. 1987ರಲ್ಲಿ ಅಮೆರಿಕದಲ್ಲಿ 30ರಿಂದ 69 ವರ್ಷದ ಗಂಡಸರು, ಹೆಂಗಸರ ಮೇಲೆ ಮಾಡಿ ಸೂತ್ರ ಕಟ್ಟಿದ್ದು. ಬೇಕಾದದ್ದು 400 ಮೀಟರಿನ ಟ್ರ್ಯಾಕ್ ಇರುವ ಒಂದು ಮೈದಾನ, ನಿಮ್ಮ ಎದೆಪಟ್ಟಿ, ಒಂದು ಚೀಟಿ. ಅಷ್ಟೇ.

ಬೆಳಿಗ್ಗೆ ಬೇಗ ಹೋಗಿ. ಬಳ್ಳಾರಿ ಬಿಸಿಲಿನ ಬಗ್ಗೆ ನಾನು ನಿಮಗೆ ಹೇಳಬೇಕಾ? ಸೆಖೆಯಲ್ಲಿ ದೇಹ ತಂಪಾಗೋಕೆ ರಕ್ತವನ್ನು ಚರ್ಮದ ಕಡೆ ತಿರುಗಿಸುತ್ತದೆ, ಬೆವರಿ ನೀರು ಕಡಿಮೆಯಾಗುತ್ತದೆ, ಅದೇ ವೇಗಕ್ಕೆ ಹೃದಯ ಜಾಸ್ತಿ ಬಡಿಯಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಎಂಟು ಗಂಟೆಗೆ ನಡೆದು ಪರೀಕ್ಷೆ ಮಾಡಿದರೆ ಫೇಲಾಗುವುದು ನೀವಲ್ಲ, ಹವೆ. ಸೂರ್ಯ ಹುಟ್ಟೋ ಹೊತ್ತಿಗೆ ಮುಗಿಸಿ. ಕಾಫಿ ಆಮೇಲೆ ಕುಡಿಯಿರಿ. ಹಿಂದಿನ ದಿನ ಜ್ವರ, ಭೇದಿ, ನಿದ್ದೆಗೆಟ್ಟದ್ದು ಏನಾದರೂ ಇದ್ದರೆ ಆ ವಾರ ಬೇಡ.

ಎದೆಪಟ್ಟಿಯ ಒಳಗಡೆ ಎರಡು ಪಕ್ಕದಲ್ಲಿ ರಬ್ಬರಿನಂಥ ನುಣುಪು ಭಾಗ ಇದೆಯಲ್ಲ, ಅದನ್ನು ನೀರಿನಲ್ಲಿ ಒದ್ದೆ ಮಾಡಿ ಕಟ್ಟಿಕೊಳ್ಳಿ. ಒಣಗಿದ್ದರೆ ಶುರುವಿನಲ್ಲಿ ಹುಚ್ಚುಹುಚ್ಚು ಅಂಕ ತೋರಿಸುತ್ತದೆ, ಬೆವರು ಬಂದ ಮೇಲೆ ಸರಿಹೋಗುತ್ತದೆ. ಪಟ್ಟಿ ಎದೆಮೂಳೆಯ ಕೆಳಗೆ ಬಿಗಿಯಾಗಿ ಕೂರಬೇಕು, ಉಸಿರು ಕಟ್ಟುವಷ್ಟಲ್ಲ. ಮಣಿಕಟ್ಟಿನಲ್ಲಿ ಹಸಿರು ಬೆಳಕು ಬಿಟ್ಟು ಅಳೆಯುವ ವಾಚಿಗಿಂತ ಈ ಪರೀಕ್ಷೆಗೆ ಎದೆಪಟ್ಟಿಯೇ ವಾಸಿ. ಮಣಿಕಟ್ಟಿನದು ಕೆಲವು ಸಲ ಬಡಿತ ಬಿಟ್ಟು ನಿಮ್ಮ ಹೆಜ್ಜೆಯನ್ನೇ ಎಣಿಸಿಬಿಡುತ್ತದೆ.

ಐದು ನಿಮಿಷ ನಿಧಾನ ನಡೆದು ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಎಲ್ಲಕ್ಕಿಂತ ಒಳಗಿನ ಲೇನಿನಲ್ಲಿ ನಾಲ್ಕು ಸುತ್ತು, ಮೇಲೆ ಒಂಬತ್ತು ಮೀಟರ್. ಒಂಬತ್ತು ಮೀಟರ್ ಅಂದರೆ ಹನ್ನೆರಡು ಹೆಜ್ಜೆ, ಮರೆಯಬೇಡಿ. ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಜೋರಾಗಿ ನಡೆಯಬೇಕು, ಆದರೆ ಓಡುವ ಹಾಗಿಲ್ಲ. ಮೊದಲ ಸುತ್ತಿನಲ್ಲೇ ಎಲ್ಲ ಖರ್ಚು ಮಾಡಿಬಿಡಬೇಡಿ. ಮೂರನೇ ಸುತ್ತಿನಲ್ಲಿ ಮೊಣಕಾಲಿನ ಕೆಳಗೆ, ಮುಂಭಾಗದಲ್ಲಿ, ಸ್ನಾಯು ಉರಿಯುತ್ತದೆ; ಅದು ನಡಿಗೆಯ ಉರಿ, ಗಾಬರಿ ಬೇಡ. ಗೆರೆ ದಾಟಿದ ಕೂಡಲೇ ಎರಡು ಅಂಕ ನೋಡಿಕೊಳ್ಳಿ: ಸಮಯ, ಬಡಿತ. ಕೂಡಲೇ ಅಂದರೆ ಕೂಡಲೇ. ಸೊಂಟಕ್ಕೆ ಕೈ ಇಟ್ಟು ನಿಂತು, ಉಸಿರು ಬಿಟ್ಟು, ಆಮೇಲೆ ನೋಡೋಣ ಅಂದರೆ ಅಷ್ಟರಲ್ಲಿ ಬಡಿತ ಇಪ್ಪತ್ತು ಇಳಿದಿರುತ್ತದೆ, ಲೆಕ್ಕದಲ್ಲಿ ನಿಮಗೆ ಮೂರು ಅಂಕ ಪುಕ್ಕಟೆ ಬರುತ್ತದೆ.

ನಿಮಗೆ 15 ನಿಮಿಷ 30 ಸೆಕೆಂಡ್ ಹಿಡಿಯಿತು, ಕೊನೆಗೆ ಬಡಿತ 132 ಇತ್ತು ಅಂತಿಟ್ಟುಕೊಳ್ಳೋಣ. 132.85ರಿಂದ ಶುರು ಮಾಡಿ. ಕೆಜಿ ತೂಕದ 0.17 ಪಟ್ಟು ಕಳೆಯಿರಿ, ನಿಮ್ಮದು 12.58. ವಯಸ್ಸಿನ 0.388 ಪಟ್ಟು ಕಳೆಯಿರಿ, 17.85. ಗಂಡಸಾದ್ದರಿಂದ 6.3 ಸೇರಿಸಿ. ಹೆಂಗಸರಾದರೆ ಇದನ್ನು ಸೇರಿಸುವ ಹಾಗಿಲ್ಲ. ನಿಮಿಷದ 3.265 ಪಟ್ಟು ಕಳೆಯಿರಿ. ಇಲ್ಲಿ ಹುಷಾರು, 15 ನಿಮಿಷ 30 ಸೆಕೆಂಡ್ ಅಂದರೆ 15.5, 15.3 ಅಲ್ಲ. ತುಂಬಾ ಜನ ಇಲ್ಲೇ ಎಡವುತ್ತಾರೆ. 50.61 ಹೋಯಿತು. ಕೊನೆಗೆ ಬಡಿತದ 0.1565 ಪಟ್ಟು, 20.66. ಉಳಿದದ್ದು 37.45. ನಾಸಾ ಸೂತ್ರದ 36ಕ್ಕೂ ಇದಕ್ಕೂ ಒಂದೂವರೆ ಅಂಕದ ವ್ಯತ್ಯಾಸ. ಒಂದು ಬಾಯಿಂದ ಬಂದದ್ದು, ಇನ್ನೊಂದು ಕಾಲಿನಿಂದ ಬಂದದ್ದು, ಎರಡೂ ಹತ್ತಿರ ಬಂದರೆ ನೀವು ನಿಮ್ಮ ಬಗ್ಗೆ ಸುಳ್ಳು ಹೇಳಿಕೊಂಡಿಲ್ಲ ಅಂತ ಅರ್ಥ. ಇದು ನಾನು ಊಹಿಸಿದ ಸಮಯ ಮತ್ತು ಬಡಿತ, ನೆನಪಿರಲಿ. ನಿಮ್ಮದನ್ನು ನೀವು ಹಾಕಿ. 14 ನಿಮಿಷದಲ್ಲಿ ಮುಗಿಸಿ ಬಡಿತ 120 ಇದ್ದರೆ 44 ಬರುತ್ತದೆ, ಆಗ ನಾನು ಹೇಳಿದ್ದೆಲ್ಲ ವಾಪಸ್ ತೆಗೆದುಕೊಂಡು ನಿಮ್ಮ ಕ್ಷಮೆ ಕೇಳುತ್ತೇನೆ.

ಓಡುವವರಿಗೆ ಕೂಪರ್ ಪರೀಕ್ಷೆ ಇದೆ. ಅಮೆರಿಕದ ವಾಯುಸೇನೆಯ ವೈದ್ಯರಾಗಿದ್ದ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ್ದು. 12 ನಿಮಿಷದಲ್ಲಿ ಎಷ್ಟು ದೂರ ಓಡುತ್ತೀರೋ ಆ ಮೀಟರಿನಿಂದ 504.9 ಕಳೆದು 44.73ರಿಂದ ಭಾಗಿಸಿದರೆ ಅಂಕ. ಐದು ಸುತ್ತಿಗೆ 33, ಐದೂವರೆಗೆ 38, ಆರಕ್ಕೆ 42. ಹೃದಯ ಬಡಿತ ನೋಡಲೇಬೇಕಾಗಿಲ್ಲ. ಆದರೆ ಈಗಲೇ ನೀವು ಇದಕ್ಕೆ ಕೈ ಹಾಕಬೇಡಿ. 46ರಲ್ಲಿ, ವರ್ಷಗಟ್ಟಲೆ ಓಡದವರು ಒಂದು ಬೆಳಿಗ್ಗೆ ಎದ್ದು 12 ನಿಮಿಷ ಜೀವ ಬಿಟ್ಟು ಓಡೋದು ನನಗೆ ಒಪ್ಪಿಗೆ ಇಲ್ಲ. ಎರಡು ಮೂರು ತಿಂಗಳು ನಡಿಗೆ, ಓಟ ಬೆರೆಸಿ ಅಭ್ಯಾಸ ಆದ ಮೇಲೆ ನೋಡೋಣ. ನಡೆಯುವಾಗ ಎದೆ ಹಿಡಿದ ಹಾಗೆ, ತಲೆ ಸುತ್ತಿದ ಹಾಗೆ ಆದರೆ ಯಾವ ಪರೀಕ್ಷೆಯೂ ಬೇಡ, ಮೊದಲು ಡಾಕ್ಟರು.

ಬೀಪಿ ಮಾತ್ರೆ ಇಲ್ಲ ಅಂದಿರಿ, ಒಳ್ಳೆಯದಾಯಿತು. ಆದರೆ ಇದನ್ನು ಓದುವ ಬೇರೆಯವರಿಗಾಗಿ ಹೇಳಿಬಿಡುತ್ತೇನೆ. ಅಟೆನಾಲಾಲ್, ಮೆಟೊಪ್ರೊಲಾಲ್ ಥರದ ಮಾತ್ರೆ ನುಂಗುವವರ ಹೃದಯ ಎಷ್ಟೇ ದಣಿದರೂ ಒಂದು ಮಿತಿ ದಾಟಿ ಬಡಿಯುವುದಿಲ್ಲ. ಆ ಮಾತ್ರೆಯ ಕೆಲಸವೇ ಅದು. ಅವರಿಗೆ ಮೇಲಿನ ನಡಿಗೆ ಸೂತ್ರ ಸುಳ್ಳು ಖುಷಿ ಕೊಡುತ್ತದೆ, ವಾಚಿನ ಬಡಿತದ ಲೆಕ್ಕವೂ ಹಾಗೆಯೇ. ಮಾತ್ರೆ ನಿಲ್ಲಿಸಿ ಪರೀಕ್ಷೆ ಮಾಡುತ್ತೇನೆ ಅನ್ನೋದು ಹುಚ್ಚು ಸಾಹಸ. ಅವರು ಉಸಿರನ್ನೇ ನೋಡಿಕೊಂಡು ನಡೆಯಲಿ.

ವಾಚಿಗೆ ಇನ್ನೂ ಎರಡು ವಿಷಯ ನೀವು ಹೇಳಬೇಕು, ಅಥವಾ ಅದೇ ಊಹಿಸಿಕೊಂಡಿರುತ್ತದೆ. ಒಂದು, ಗರಿಷ್ಠ ಬಡಿತ. 220ರಿಂದ ವಯಸ್ಸು ಕಳೆಯುವ ಲೆಕ್ಕ ಎಲ್ಲರಿಗೂ ಗೊತ್ತು. ನಿಮಗೆ 174. 2001ರಲ್ಲಿ ತನಾಕಾ ಮತ್ತು ಜೊತೆಯವರು ಕೊಟ್ಟ ಲೆಕ್ಕ ಬೇರೆ: 208ರಿಂದ ವಯಸ್ಸಿನ 0.7 ಪಟ್ಟು ಕಳೆಯಿರಿ, ನಿಮಗೆ 176. ನಿಮ್ಮ ವಯಸ್ಸಿನಲ್ಲಿ ಎರಡೂ ಒಂದೇ ಅಂತಿಟ್ಟುಕೊಳ್ಳಿ. 65ರವರಿಗೆ ಮಾತ್ರ ಹಳೆಯದು 155 ಅನ್ನುತ್ತದೆ, ಹೊಸದು 162 ಅನ್ನುತ್ತದೆ. ಆದರೆ ಎರಡೂ ಸರಾಸರಿ. ಒಬ್ಬೊಬ್ಬರಲ್ಲಿ ಹತ್ತು ಹನ್ನೆರಡು ಆಚೀಚೆ ಇರೋದು ಮಾಮೂಲು. ನನ್ನ ಹತ್ತಿರ ಬರುತ್ತಿದ್ದ, ಹೆಚ್ಚುಕಡಿಮೆ ನಿಮ್ಮದೇ ವಯಸ್ಸಿನವರೊಬ್ಬರು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ಅವರ ವಾಚು 188 ತೋರಿಸಿತು, ‘ಸರ್ ನಾನು ಸಾಯ್ತೀನಾ’ ಅಂತ ನಂದಿ ಹತ್ತಿರ ಕೂತುಬಿಟ್ಟರು. ಏನೂ ಆಗಿರಲಿಲ್ಲ, ಆಮೇಲೆ ಟ್ರೆಡ್‌ಮಿಲ್ ಪರೀಕ್ಷೆಯೂ ಆಯಿತು. ಅವರ ಎಂಜಿನ್ನೇ ಹಾಗೆ, ಜಾಸ್ತಿ ಸುತ್ತುವಂಥದ್ದು. ನೀವು ಸದ್ಯಕ್ಕೆ 176 ಹಾಕಿಡಿ. ಪಟ್ಟಿ ಒದ್ದೆಯಾಗಿದ್ದು, ನೀವು ನಿಜವಾಗಿ ಏದುಸಿರು ಬಿಡುವಾಗ ಅದಕ್ಕಿಂತ ಹೆಚ್ಚು ಅಂಕ ಎರಡು ಮೂರು ಸಲ ಕಂಡರೆ ಅದನ್ನೇ ಹೊಸ ಗರಿಷ್ಠ ಮಾಡಿ. ಹುಡುಕಿಕೊಂಡು ಹೋಗಬೇಡಿ.

ಇನ್ನೊಂದು, ವಿರಾಮದ ಬಡಿತ. ಬೆಳಿಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ಮತ್ತೆ ಮಲಗಿ, ಫೋನು ಮುಟ್ಟದೆ ಐದು ನಿಮಿಷ ಬಿಟ್ಟು ನೋಡಿ. ಐದು ದಿನ ಬರೆದು ಸರಾಸರಿ ತೆಗೆಯಿರಿ. 64 ಬಂತು ಅಂತಿರಲಿ. ಗರಿಷ್ಠ ಬಡಿತವನ್ನು ವಿರಾಮದ ಬಡಿತದಿಂದ ಭಾಗಿಸಿ 15.3ರಿಂದ ಗುಣಿಸಿದರೆ ವಿಒ2 ಮ್ಯಾಕ್ಸ್ ಸಿಗುತ್ತದೆ ಅಂತ ಒಂದು ಲೆಕ್ಕ ನೀವು ಎಲ್ಲಾದರೂ ನೋಡಿರಬಹುದು. ನಿಮಗೆ 42 ಬರುತ್ತದೆ. ನಂಬಬೇಡಿ. ಆ ಲೆಕ್ಕ ಹುಟ್ಟಿದ್ದು ಚೆನ್ನಾಗಿ ತರಬೇತಿ ಪಡೆದ ಗಂಡಸರನ್ನು ನೋಡಿ. ನಮ್ಮ ನಿಮ್ಮಂಥವರಿಗೆ ಹಾಕಿದರೆ ಉಬ್ಬಿಸಿ ಹೇಳುವ ಅಪಾಯ ಇದೆ. ಹುಟ್ಟಾ ನಿಧಾನ ಬಡಿತ ಇರುವವರೂ ಇರುತ್ತಾರೆ, ಅದಕ್ಕೂ ಫಿಟ್‌ನೆಸ್‌ಗೂ ಸಂಬಂಧ ಇರಬೇಕು ಅಂತೇನಿಲ್ಲ.

ವಿರಾಮದ ಬಡಿತದ ನಿಜವಾದ ಉಪಯೋಗ ಬೇರೆ ಕಡೆ ಇದೆ, ಎಷ್ಟು ಬಡಿತದಲ್ಲಿ ನಡೆಯಬೇಕು ಅಂತ ಗೆರೆ ಎಳೆಯೋಕೆ. ಗರಿಷ್ಠದ 60 ಭಾಗ ಅಂತ ಸೀದಾ ಲೆಕ್ಕ ಹಾಕಿದರೆ ನಿಮಗೆ 106. ಅಷ್ಟು ಬಡಿತ ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತಿದರೂ ಬರುತ್ತದೆ. ಫಿನ್‌ಲ್ಯಾಂಡಿನ ಕಾರ್ವೊನೆನ್ 1957ರಲ್ಲಿ ಹೇಳಿದ ದಾರಿ ಚೆನ್ನಾಗಿದೆ: 176ರಿಂದ 64 ಕಳೆದರೆ 112, ಅದರ 60 ಭಾಗ 67, ಅದಕ್ಕೆ ಮತ್ತೆ 64 ಸೇರಿಸಿದರೆ 131. ನೀವು ನಿಜವಾಗಿ ಬಿರುಸಾಗಿ ನಡೆಯುವಾಗ ಇರಬೇಕಾದ ಜಾಗ ಅದು. ಫಿನ್‌ಲ್ಯಾಂಡಿನವರಿಗೆ ಈ ಬಡಿತದ ಹುಚ್ಚು ಮೊದಲಿನಿಂದಲೂ ಇದೆ ನೋಡಿ. ಹಾರ್ಟ್ ರೇಟ್ ವಾಚು ಮಾಡುವ ಪೋಲಾರ್ ಕಂಪನಿ ಶುರುವಾದದ್ದೂ ಅಲ್ಲೇ, 1977ರಲ್ಲಿ, ಹಿಮದ ಮೇಲೆ ಸ್ಕೀ ಓಡುವವರ ನಾಡಿ ಅಳೆಯುವ ಯೋಚನೆಯಿಂದ. ಇನ್ನೊಂದು ವಾಚು ಕಂಪನಿ ಗಾರ್ಮಿನ್ 2020ರಲ್ಲಿ ಕೊಂಡುಕೊಂಡ ಫಸ್ಟ್‌ಬೀಟ್ ಕೂಡ ಅಲ್ಲಿಯದೇ. ಜಿಪಿಎಸ್ ಇರುವ ವಾಚುಗಳಲ್ಲಿ ನೀವು ಓಡುವ ವೇಗಕ್ಕೂ ಬಡಿತಕ್ಕೂ ತಾಳೆ ಹಾಕಿ ಅಂಕ ಹೇಳುವ ಲೆಕ್ಕ ಅವರದು. ಅದು ಮಲಗಿಸಿ ಹೇಳುವುದಕ್ಕಿಂತ ನನಗೆ ಹೆಚ್ಚು ನಂಬಿಕೆ, ಕಾಲು ಕೆಲಸ ಮಾಡಿರುತ್ತದಲ್ಲ. ಆದರೆ ಅಲ್ಲೂ ಗರಿಷ್ಠ ಬಡಿತ ತಪ್ಪಿದ್ದರೆ ಎಲ್ಲ ತಪ್ಪು.

ಇಷ್ಟೆಲ್ಲ ಯಾಕೆ, ಒಂದು ಅಂಕ ಜಾಸ್ತಿ ಇದ್ದರೇನು ನಷ್ಟ ಅಂತ ಕೇಳಬಹುದು. ಕ್ಯಾಲೊರಿಯಲ್ಲಿ ನಷ್ಟ. ಒಂದು ಲೀಟರ್ ಆಮ್ಲಜನಕ ಬಳಸಿದರೆ ಸುಮಾರು 5 ಕ್ಯಾಲೊರಿ ಖರ್ಚು. ವಿಒ2 ಮ್ಯಾಕ್ಸ್ 37 ಇರುವ 74 ಕೆಜಿಯವರು ಅದರ ಅರ್ಧ ಬಲದಲ್ಲಿ 40 ನಿಮಿಷ ನಡೆದರೆ 274 ಕ್ಯಾಲೊರಿ. 45 ಅಂತ ವಾಚಿಗೆ ಹೇಳಿದರೆ, ಅದು ಈ ಲೆಕ್ಕದಲ್ಲೇ ಹೋದರೆ, ಅದೇ ನಡಿಗೆಗೆ 333 ಅನ್ನುತ್ತದೆ. ನಡುವಿನದು ಸಕ್ಕರೆ ಹಾಕಿದ ಒಂದು ಲೋಟ ಕಾಫಿ. ದಿನಾ ಒಂದು ಲೋಟ ‘ಗಳಿಸಿದ’ ಕಾಫಿ ಕುಡಿಯುತ್ತಾ ಹೋದರೆ ಏನಾಗುತ್ತದೆ ಅಂತ ನನಗೆ ಗೊತ್ತು. ಮೊಣಕಾಲಿನ ಲಿಗಮೆಂಟ್ ಹರಿದು ನಾನು ಎಂಟು ತಿಂಗಳು ಓಟ ಬಿಟ್ಟಿದ್ದೆ. ಬರೀ ನಡಿಗೆ. ಆದರೆ ವಾಚಿನಲ್ಲಿ ಹಳೆಯ ‘ಅತಿ ಹೆಚ್ಚು’ ಹಾಗೆಯೇ ಇತ್ತು. ಬದಲಾಯಿಸಬೇಕು ಅಂತ ಹೊಳೆದೇ ಇಲ್ಲ, ಅಥವಾ ಹೊಳೆದಿತ್ತು, ಮನಸ್ಸು ಬರಲಿಲ್ಲ. ಅದು ದಿನಾ ನನಗೆ ಉದಾರವಾಗಿ ಕ್ಯಾಲೊರಿ ಬರೆದು ಕೊಡುತ್ತಿತ್ತು, ನಾನು ಉದಾರವಾಗಿ ತಿನ್ನುತ್ತಿದ್ದೆ. ನಾಲ್ಕು ಕೆಜಿ ಏರಿತು. ಊರಿಗೆಲ್ಲ ಬುದ್ಧಿ ಹೇಳುವವನ ಕಥೆ ಇದು.

ಈಗ ನಿಮ್ಮ 37ಕ್ಕೆ ಏನು ಬೆಲೆ ಅಂತ ನೋಡೋಣ. ಶ್ವಾರ್ಟ್ಜ್ ಮತ್ತು ರೈಬೋಲ್ಡ್ ಅನ್ನುವವರು 1990ರಲ್ಲಿ ಮಾಡಿದ ಕೋಷ್ಟಕವನ್ನು ತುಂಬಾ ಕಡೆ ಬಳಸುತ್ತಾರೆ. ಅದರಲ್ಲಿ 45ರಿಂದ 49 ವರ್ಷದ ಗಂಡಸರಿಗೆ 35ರಿಂದ 39 ಅಂದರೆ ಸರಾಸರಿ, 40ರಿಂದ 43 ಚೆನ್ನಾಗಿದೆ, 44ರಿಂದ 48 ತುಂಬಾ ಚೆನ್ನಾಗಿದೆ. ನೀವು ಸರಾಸರಿಯ ನಡುಮಧ್ಯೆ. ಆದರೆ ಆ ಕೋಷ್ಟಕದಲ್ಲಿರುವ ಜನ ಅಮೆರಿಕ, ಕೆನಡಾ ಮತ್ತು ಯೂರೋಪಿನವರು. ನಮ್ಮವರು ಅದರಲ್ಲಿಲ್ಲ. ಹಾಗಾಗಿ ಹೆಸರುಗಳಿಗೆ ತಲೆ ಕೆಡಿಸಿಕೊಳ್ಳದೆ ನಿಮ್ಮ ಹಳೆಯ ಅಂಕದ ಜೊತೆ ಹೊಸ ಅಂಕ ಹೋಲಿಸಿ ನೋಡಿ. ಎಂಟು ವಾರಕ್ಕೊಮ್ಮೆ ಅದೇ ಮೈದಾನ, ಅದೇ ಹೊತ್ತು, ಅದೇ ನಾಲ್ಕು ಸುತ್ತು. ವಾಚಿನಲ್ಲಿ ಮಟ್ಟ ಮಾತ್ರ ಮಧ್ಯದಲ್ಲಿ ಬದಲಾಯಿಸಬೇಡಿ, ಬದಲಾಯಿಸಿದರೆ ಹಿಂದಿನ ಅಂಕಕ್ಕೂ ಮುಂದಿನದಕ್ಕೂ ಹೋಲಿಕೆ ಸತ್ತುಹೋಗುತ್ತದೆ.

ಎಷ್ಟು ಏರಬಹುದು? ಹೆರಿಟೇಜ್ ಅನ್ನುವ ದೊಡ್ಡ ಅಧ್ಯಯನದಲ್ಲಿ ವ್ಯಾಯಾಮ ಅಭ್ಯಾಸ ಇಲ್ಲದವರಿಗೆ 20 ವಾರ ಒಂದೇ ಥರದ ತರಬೇತಿ ಕೊಟ್ಟರು. ಸರಾಸರಿ ಏರಿಕೆ ನೂರಕ್ಕೆ ಇಪ್ಪತ್ತರ ಹತ್ತಿರ. ಆದರೆ ಕೆಲವರಿಗೆ ಹೆಚ್ಚುಕಡಿಮೆ ಏನೂ ಏರಲಿಲ್ಲ, ಕೆಲವರಿಗೆ ಸರಾಸರಿಯ ಎರಡು ಪಟ್ಟಿಗೂ ಮೀರಿ ಏರಿತು, ಅದರಲ್ಲಿ ಅಪ್ಪ ಅಮ್ಮನಿಂದ ಬಂದದ್ದರ ಪಾಲೂ ದೊಡ್ಡದು. ನೀವು ಈಗಾಗಲೇ ನಡೆಯುತ್ತಿರುವುದರಿಂದ ನಿಮಗೆ ಅಷ್ಟು ಜಾಗ ಇರಲಿಕ್ಕಿಲ್ಲ. ವಾರದ ಐದು ದಿನದಲ್ಲಿ ಎರಡು ದಿನವನ್ನು ಬಿರುಸು ಮಾಡಿ. ಮೂರು ನಿಮಿಷ ಜೋರು, ಎರಡು ನಿಮಿಷ ನಿಧಾನ, ಐದು ಸಲ. ಕೋಟೆ ಗುಡ್ಡದ ಕಡೆ ಏರು ಸಿಕ್ಕರೆ ಇನ್ನೂ ಒಳ್ಳೆಯದು. ಆರು ತಿಂಗಳಲ್ಲಿ 40 ಮುಟ್ಟಿದರೆ ನಾನು ಖುಷಿಪಡುತ್ತೇನೆ. ತೂಕ ಮೂರು ಕೆಜಿ ಇಳಿದರೂ ಅಂಕ ತಾನಾಗಿ ಒಂದೂವರೆ ಏರುತ್ತದೆ, ಯಾಕೆಂದರೆ ಭಾಗಿಸೋದು ಕೆಜಿಯಿಂದಲೇ ಅಲ್ವಾ.

ಕೊನೆಗೆ ನಿಮ್ಮ ಭಾಮೈದ. ಅದೇ ಕೋಷ್ಟಕದಲ್ಲಿ 34 ವರ್ಷದವರಿಗೆ 41ರಿಂದ 45 ಸರಾಸರಿ, 52 ಮೇಲಿಂದ ಎರಡನೇ ಮೆಟ್ಟಿಲು. ಸುಮಾರು 25 ವಯಸ್ಸು ದಾಟಿದ ಮೇಲೆ ಕೂತೇ ಇರುವವರಲ್ಲಿ ಹತ್ತು ವರ್ಷಕ್ಕೆ ನೂರಕ್ಕೆ ಹತ್ತರಷ್ಟು ಇಳಿಯೋದು ಮಾಮೂಲು, ಹಾಗಾಗಿ ಅವನ ಅಂಕದ ಪಕ್ಕ ನಿಮ್ಮದನ್ನು ಇಟ್ಟು ನೋಡೋದೇ ತಪ್ಪು. ಮೊದಲು ಅವನು ಯಾವ ಮಟ್ಟ ಒತ್ತಿದ್ದಾನೆ ಅಂತ ಕೇಳಿ. ನಮ್ಮ ಕ್ರಿಕೆಟ್ ತಂಡಕ್ಕೆ ಯೋ ಯೋ ಪರೀಕ್ಷೆ (ಬೀಪ್ ಸದ್ದಿಗೆ ಸರಿಯಾಗಿ ಅತ್ತಿಂದಿತ್ತ ಓಡುತ್ತಾ ವೇಗ ಏರಿಸುತ್ತಾ ಹೋಗೋದು) ಬಂದಾಗ ಪಾಸಾಗೋಕೆ ಇಟ್ಟಿದ್ದ 16.1 ಮಟ್ಟ ಅಂದರೆ 1,120 ಮೀಟರ್ ಓಟ, ಅದರ ಲೆಕ್ಕದ ಸೂತ್ರದಲ್ಲಿ ಅದಕ್ಕೆ ಸಿಗುವ ವಿಒ2 ಮ್ಯಾಕ್ಸ್ ಸುಮಾರು 46. ಇವನದು 52 ಅಂದರೆ ಸುಮ್ನೆ ಅಲ್ಲ. ಕೂಪರ್ ಲೆಕ್ಕವನ್ನು ತಿರುಗಿಸಿ ಹಾಕಿದರೆ ಅವನು 12 ನಿಮಿಷದಲ್ಲಿ 2,830 ಮೀಟರ್ ಓಡಬೇಕು, ಏಳು ಸುತ್ತು ಮುಗಿದು ಇನ್ನೂ ಮೂವತ್ತು ಮೀಟರ್. ಹೇಗಿದ್ದರೂ ನೀವು ಮೈದಾನಕ್ಕೆ ಹೋಗುತ್ತೀರಲ್ಲ, ಒಂದು ಭಾನುವಾರ ಅವನನ್ನೂ ಕರೆದುಕೊಂಡು ಹೋಗಿ. ಸುತ್ತು ಎಣಿಸುವ ಕೆಲಸ ನಿಮ್ಮ ಕೈಯಲ್ಲೇ ಇರಲಿ.